ಅಪ್‌ಡೇಟ್: ಬೆಟ್ಟ ಹತ್ತುವಾಗ ಎಂಜಿನ್ ಕಟಕಟ ಅನ್ನುತ್ತಿದ್ದದ್ದು ನಿಂತಿತು

ಚಾಮುಂಡಿ ಬೆಟ್ಟ ಹತ್ತುವಾಗ ನಮ್ಮ ಕಾರಿನ ಎಂಜಿನ್ ಕಟಕಟ ಅನ್ನುತ್ತದೆ, 95 ಆಕ್ಟೇನ್ ಪೆಟ್ರೋಲ್ ಹಾಕಿಸಬೇಕಾ ಅಂತ ಕೇಳಿದ್ದೆ, ಅಲ್ವಾ? ಹಾಕಿಸಿದೆ. ಸದ್ದು ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಟ್ಯಾಂಕಿಗೆ ಸುರಿಯುವ ಬಾಟಲಿ ಔಷಧಿಯಿಂದಂತೂ ಏನೂ ಆಗಲಿಲ್ಲ.

ಕೆಲಸ ಮಾಡಿದ್ದು ‘ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿಸಿ’ ಅಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ಸರಸ್ವತಿಪುರಂನ ಮೆಕ್ಯಾನಿಕ್ ಬಿಚ್ಚಿ ತೋರಿಸಿದರು. ತುದಿ ಅತಿಯಾಗಿ ಕಾದು ಬೆಳ್ಳಗೆ ಸುಟ್ಟಿತ್ತು, ಪ್ಲಗ್ ನಂಬರೂ ನಮ್ಮ ಎಂಜಿನ್‌ದಲ್ಲ. ಸರಿಯಾದದ್ದು ಹಾಕಿದ ಮೇಲೆ ಮಾಮೂಲಿ ಪೆಟ್ರೋಲಿನಲ್ಲೇ ಆರಾಮಾಗಿ ಹತ್ತುತ್ತಿದೆ.

ಒಂದು ಹೊಸ ವಿಷಯ ತಿಳಿಯಿತು. ಆಕ್ಟೇನ್ ಶಕ್ತಿಯ ಅಳತೆಯಲ್ಲ. ಒತ್ತಡದಲ್ಲಿ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವುದು. ಹಾಗೆ ತಾನಾಗಿ ಹೊತ್ತಿಕೊಂಡಾಗಲೇ ಆ ಕಟಕಟ ಸದ್ದು. ನಮ್ಮ ಕಾರಿನ ಪುಸ್ತಕದಲ್ಲಿ 91 ಸಾಕು ಅಂತಲೇ ಇದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ (ಒಂದು ಬಗೆಯ ಆಲ್ಕೋಹಾಲ್) ಮಾತ್ರ 10% ದಾಟಬಾರದಂತೆ. ಎಥೆನಾಲ್ ಹೆಚ್ಚಾದರೆ ಹಳೆ ರಬ್ಬರ್ ಹಾಳಾಗಬಹುದು, ಹಾಗಾಗಿ ಹಳೆ ಕಾರಿನವರು ಪೆಟ್ರೋಲ್ ಪೈಪಿನ ರಬ್ಬರ್ ಒಮ್ಮೆ ನೋಡಿಸಿ.