ಖರ್ಚು ಸೊನ್ನೆ ಅಂದವರು ಯಾರು?

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಬರಡು ನೆಲದಲ್ಲಿ ಗುಣಿ ತೋಡಿ, ಹಿಡಿ ಗೊಬ್ಬರ ಹಾಕಿ! ಒಂದೇ ಬೆಳೆಗೆ ಹಸಿವು ಮಾಯ! ಖರ್ಚು ಸೊನ್ನೆ!! ಹತ್ತು ಜನಕ್ಕೆ ಕಳಿಸಿ.

ಅತ್ತೆ: 🙏🙏 ಎಲ್ಲರೂ ಓದಬೇಕಾದ್ದು.

ಅಣ್ಣ: ಅತ್ತೆ, ನೀವು ಪೂರ್ತಿ ಓದಿದ್ರಾ? ಚಿಕ್ಕಪ್ಪ, ಯಾವ ದೇಶ, ಎಂಥ ಮಣ್ಣು, ಎಷ್ಟು ಮಳೆ? ಏನೂ ಇಲ್ಲ. ಮೂಲ ಹಾಕಿ.

ಚಿಕ್ಕಪ್ಪ: ನಿನಗೆ ಎಲ್ಲಕ್ಕೂ ಮೂಲ ಬೇಕು. ಎರೆಗೊಬ್ಬರದ ಮೆಸೇಜಿಗೂ ಹೀಗೇ ಅಡ್ಡ ಬಾಯಿ ಹಾಕಿದ್ದೆ.

ಅಣ್ಣ: ಆಗಲೂ ನೀವು ಮೂಲ ಹಾಕಲಿಲ್ಲ.

ದೊಡ್ಡಪ್ಪ: ದೊಡ್ಡವರು ಒಳ್ಳೇ ವಿಷಯ ಹಾಕಿದಾಗ ಮೊದಲು ಕಲಿಯೋ ಬುದ್ಧಿ ಇರಬೇಕು. ಭೂಮಿತಾಯಿನ ನಂಬಿದವರು ಉಪವಾಸ ಬಿದ್ದಿಲ್ಲ.

ಅಕ್ಕ: ಬಿದ್ದಿದ್ದಾರೆ ದೊಡ್ಡಪ್ಪ. ಲೋಕದಲ್ಲಿ ಹಸಿದವರ ಪೈಕಿ ಬಹಳ ಜನ ತಾವೇ ಉತ್ತು ಬಿತ್ತುವವರು. ಅಣ್ಣ, ಗುಣಿ ಸುಳ್ಳಲ್ಲ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲಿ ಅದಕ್ಕೆ ಜಾಯ್ ಅಂತಾರೆ. ಯಾಕೂಬಾ ಸಾವಡೊಗೊ ಅನ್ನೋ ರೈತ ಅದನ್ನೇ ಸುಧಾರಿಸಿ ಗಟ್ಟಿ ನೆಲವನ್ನ ಬೆಳೆಗೆ ತಂದರು, 2018ರಲ್ಲಿ "ಪರ್ಯಾಯ ನೊಬೆಲ್" ಅಂತ ಕರೆಯೋ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಸುಳ್ಳಿರೋದು "ಖರ್ಚು ಸೊನ್ನೆ" ಅನ್ನೋದರಲ್ಲಿ.

ಚಿಕ್ಕಪ್ಪ: ನೋಡಿದ್ಯಾ? ನಾನು ಹಾಕಿದ್ದು ನಿಜಾನೇ.

ಅಕ್ಕ: ಅರ್ಧ ನಿಜ ಚಿಕ್ಕಪ್ಪ. ಲೆಕ್ಕ ಹಾಕೋಣ. ಗುಣಿ 30 ಸೆಂ.ಮೀ. ಅಗಲ, 15 ಆಳ, ಗುಣಿಯಿಂದ ಗುಣಿಗೆ 70. ಎಕರೆಗೆ ಎಂಟು ಸಾವಿರದ ಮೇಲೆ ಗುಣಿ. ಒಂದಕ್ಕೆ 300 ಗ್ರಾಂ ಗೊಬ್ಬರ ಅಂದ್ರೆ ಸುಮಾರು ಎರಡೂವರೆ ಟನ್. ದನ ಇಲ್ಲದವರು ಅದನ್ನ ಎಲ್ಲಿಂದ ತರಬೇಕು? ಅಗೆಯೋದು ಬೇಸಿಗೆಯಲ್ಲಿ, ನೆಲ ಕಲ್ಲಾಗಿರುವಾಗ. ಅದೇ ಹೊತ್ತಿಗೆ ಆ ಮನೆಯವರು ಊಟಕ್ಕಾಗಿ ಕೂಲಿಗೆ ಹೋಗಬೇಕಿರುತ್ತೆ. ಸ್ವಂತ ಹೊಲದಲ್ಲಿ ಅಗೆದ ದಿನ ಕೂಲಿ ಇಲ್ಲ. ಆ ಖರ್ಚು ಯಾರೂ ಬರೆಯಲ್ಲ.

ಅಣ್ಣ: ಇದನ್ನೇ ನಾನೂ ಹೇಳ್ತಿರೋದು. ಶ್ರೀಲಂಕಾದಲ್ಲಿ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದರು. ಭತ್ತದ ಇಳುವರಿ ಬಿತ್ತು, ನವೆಂಬರಿಗೆ ಆದೇಶ ವಾಪಸ್. ಸಾವಯವದಿಂದ ಹೊಟ್ಟೆ ತುಂಬಲ್ಲ.

ಅಕ್ಕ: ನೀನು ಹೇಳಿದ್ದು ಅದಲ್ಲ, ಮೂಲ ಕೇಳಿದ್ದೆ ಅಷ್ಟೇ. ಅಲ್ಲಿ ಸೋತದ್ದು ರಾತ್ರೋರಾತ್ರಿ ಹೇರಿದ್ದು. ಸಾವಯವ ಗೊಬ್ಬರದ ಸಾರಜನಕ ಬೆಳೆಗೆ ನಿಧಾನವಾಗಿ ಸಿಗುತ್ತೆ. ಸರಿಯಾಗಿ ಕಳಿಯದ ಗೊಬ್ಬರ ಹಾಕಿದರಂತೂ ಮಣ್ಣಿನ ಸೂಕ್ಷ್ಮಾಣುಗಳು ಇರೋ ಸಾರಜನಕವನ್ನೂ ಹೀರಿ, ಪೈರು ಹಳದಿ ಆಗುತ್ತೆ. ಅದಕ್ಕೇ ಮೊದಲ ವರ್ಷ ಕಾಲು ಎಕರೆ ಸಾಕು. ಮಿಕ್ಕಿದ್ದು ಹಳೇ ರೀತಿಯಲ್ಲೇ ಇರಲಿ.

ಪುಟ್ಟ: ಅಜ್ಜನ ತಿಪ್ಪೆಗುಂಡಿ ನೆನಪಾಯ್ತು 😍 ಎಂಥಾ ಗೊಬ್ಬರ ಅದು! ಫೋಟೊ ಯಾರ ಹತ್ರ ಇದೆ?

ಅತ್ತೆ: ಆಲ್ಬಂ ಚಿಕ್ಕಪ್ಪನ ಹತ್ರ ಇದೆ. ಕೇಳಿ ಕೇಳಿ ಸಾಕಾಯ್ತು.

ಚಿಕ್ಕಪ್ಪ: ಆಲ್ಬಂ ವಿಷಯ ಈಗ ಯಾಕೆ?

ಅಕ್ಕ: ಪುಟ್ಟ, ಬೇಜಾರಾಗಬೇಡ, ತೆರೆದ ತಿಪ್ಪೆಯಲ್ಲಿ ಅರ್ಧ ಸತ್ವ ಮಳೆಗೆ ಕೊಚ್ಚಿ ಹೋಗುತ್ತೆ, ಬಿಸಿಲಿಗೆ ಹಾರುತ್ತೆ. ರಾಶಿ ಒಂದು ಮೀಟರ್ ಎತ್ತರ, ಅಷ್ಟೇ ಅಗಲ ಇರಲಿ. ಮೂರು ಪಾಲು ಒಣ ಕಸಕ್ಕೆ ಒಂದು ಪಾಲು ಹಸಿ ಸೊಪ್ಪು-ಸಗಣಿ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ. ಮೇಲೆ ಸೊಪ್ಪೆ ಹೊದಿಸಿ. ಕೆಟ್ಟ ವಾಸನೆ ಬಂದರೆ ಗಾಳಿ ಸಾಲದು, ಮಗುಚಿ. ಬಿಸಿಯೇ ಏರದಿದ್ದರೆ ನೀರೋ ಹಸಿ ಸೊಪ್ಪೋ ಕಮ್ಮಿ.

ದೊಡ್ಡಪ್ಪ: ಈಗಿನವರಿಗೆ ಮೈ ಬಗ್ಗಿಸಿ ದುಡಿಯೋದು ಬೇಡ. ದುಡಿದರೆ ಹಸಿವಿಲ್ಲ.

ಅಕ್ಕ: ದುಡಿದೂ ಹಸಿದವರ ಮಾತೇ ಆಡ್ತಿರೋದು. ಹಸಿವು ಕಾಡೋದು ಬೆಳೆ ಹೊಲದಲ್ಲಿ ನಿಂತು ಕಣಜ ಬರಿದಾದ ತಿಂಗಳುಗಳಲ್ಲಿ. ಆ ತಿಂಗಳಿಗೆ ಏನು ಸಿಗುತ್ತೆ ಅನ್ನೋದನ್ನ ಮೊದಲು ನೋಡಬೇಕು, ಇಳುವರಿ ಆಮೇಲೆ. ಸಾಲಿನ ನಡುವೆ ಬೇಗ ಬರೋ ಅಲಸಂದೆ ತಳಿ ಹಾಕಿದರೆ 60-70 ದಿನಕ್ಕೆ ಕಾಳು, ಅದಕ್ಕೂ ಮೊದಲೇ ಎಳೇ ಎಲೆ. ಅಲಸಂದೆ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿಯುತ್ತೆ. ಅದು ನಡೀತಿದೆಯಾ ನೋಡೋಕೆ ಗಂಟು ಸೀಳಿ: ಒಳಗೆ ಕೆಂಪು ಇದ್ದರೆ ಕೆಲಸ ನಡೀತಿದೆ, ಬಿಳಿ ಅಥವಾ ಹಸಿರು ಇದ್ದರೆ ಇಲ್ಲ.

ಅಣ್ಣ: ಅಲಸಂದೆ ಎರಡೇ ತಿಂಗಳಿಗೆ ಹುಳ ಬಿದ್ದು ಪುಡಿಯಾಗುತ್ತೆ. ಅದೂ ಹೇಳು.

ಅಕ್ಕ: ಇದು ಸರಿಯಾದ ಪ್ರಶ್ನೆ. ಹುಳದ ಮೊಟ್ಟೆ ಹೊಲದಿಂದಲೇ ಬಂದಿರುತ್ತೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲ ಇಲ್ಲವೇ ಡ್ರಮ್ಮಿನಲ್ಲಿ ಅಂಚಿನವರೆಗೆ ತುಂಬಿ ಬಿಗಿಯಾಗಿ ಕಟ್ಟಬೇಕು. ಒಳಗಿನ ಆಮ್ಲಜನಕ ಹುಳಗಳೇ ಉಸಿರಾಡಿ ಮುಗಿಸಿ ಸಾಯುತ್ತವೆ. ಮಧ್ಯೆ ಮಧ್ಯೆ ಬಿಚ್ಚಿದರೆ ಮತ್ತೆ ಗಾಳಿ ಸೇರುತ್ತೆ. ಅದಕ್ಕೆ ದೊಡ್ಡದೊಂದರ ಬದಲು ಸಣ್ಣ ಚೀಲಗಳು.

ಅತ್ತೆ: ಒಣಗಿದೆ ಅಂತ ಗೊತ್ತಾಗೋದು ಹೇಗೆ? ಹಲ್ಲಲ್ಲಿ ಕಡಿದಾ?

ಚಿಕ್ಕಪ್ಪ: ಇದು ನಾನು ಹೇಳ್ತೀನಿ. ಒಣ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚ ಉಪ್ಪು ಹಾಕಿ ಕುಲುಕಿ ಹತ್ತು ಹದಿನೈದು ನಿಮಿಷ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಒಣಗಬೇಕು.

ಅಣ್ಣ: ಇದಕ್ಕೆ ಮೂಲ?

ಚಿಕ್ಕಪ್ಪ: ಬಾಟಲಿ ತಗೊಂಡು ನೋಡು!

ಅಕ್ಕ: ಚಿಕ್ಕಪ್ಪ ಹೇಳಿದ್ದು ಸರಿ. ಆದರೆ ಅಂಟದಿದ್ದರೆ ತೇವ ಶೇ. 15ಕ್ಕಿಂತ ಕೆಳಗಿದೆ ಅಂತ ಮಾತ್ರ ಅರ್ಥ. ಬಿಗಿಯಾಗಿ ಕಟ್ಟಿಡೋ ಚೀಲಕ್ಕೆ ಶೇ. 13ಕ್ಕೂ ಕೆಳಗೆ ಬೇಕು, ಇನ್ನೂ ಒಂದು ದಿನ ಬಿಸಿಲಿಗೆ ಹಾಕಿ. ಉಪ್ಪೂ ಒಣಗಿರಲಿ ಅತ್ತೆ, ಪಸೆ ಹಿಡಿದ ಉಪ್ಪು ಕಾಳು ಎಷ್ಟೇ ಒಣಗಿದ್ದರೂ ಗಾಜಿಗೆ ಅಂಟುತ್ತೆ.