ದುಃಖ ತೀರದಿರುವಾಗ ಕರ್ತನಲ್ಲಿ ಸಂತೋಷಪಡುವುದು ಹೇಗೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಿಂದ

ಎಲ್ಲರಿಗೂ ವಂದನೆಗಳು. ಕಳೆದ ವರ್ಷ ನನ್ನ ಯಜಮಾನರು ತೀರಿಕೊಂಡರು. ಅದರ ಬೆನ್ನಿಗೇ ಬಂದ ಮಳೆಗಾಲದಲ್ಲಿ ನಮ್ಮ ಸಣ್ಣ ತೋಟಕ್ಕೆ ಕೊಳೆರೋಗ ಬಿದ್ದು, ಅರೇಬಿಕಾ ಕಾಫಿ ಗಿಡಗಳ ಎಲೆಗಳು ಕಪ್ಪಾಗಿ ರೆಂಬೆಗೆ ಜೋತುಬಿದ್ದವು, ಕಾಯಿಯೂ ಉದುರಿತು. ಮರಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿಗಳು ಸೊರಗಿ ಹೋದವು.

ನನ್ನ ನಂಬಿಕೆ ಹೋಗಿಲ್ಲ. ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡುತ್ತೇನೆ, ಭಾನುವಾರದ ಆರಾಧನೆಗೂ ತಪ್ಪದೆ ಹೋಗುತ್ತೇನೆ. ಆದರೆ ಸಭೆಯವರು ಮನೆಗಳಲ್ಲಿ ಸೇರಿ ಪ್ರಾರ್ಥಿಸುವ ಮನೆಕೂಟದಲ್ಲಿ, ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳುವ ಸಮಯ ಬಂದಾಗ ಬಾಯಿ ಕಟ್ಟಿದಂತಾಗುತ್ತದೆ. "ಅವರು ಕರ್ತನ ಬಳಿ ಇದ್ದಾರಲ್ಲ, ನೀವು ಸಂತೋಷಪಡಬೇಕು" ಎಂದು ಪ್ರೀತಿಯಿಂದಲೇ ಹೇಳುವವರಿದ್ದಾರೆ. ಅವರ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೂ ಆ ಸಂತೋಷ ನನ್ನೊಳಗೆ ಸಿಗುತ್ತಿಲ್ಲ. ಇದು ಅವಿಶ್ವಾಸವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹಾಸನದಿಂದ

ಸಹೋದರಿಯವರೇ, ಇದು ಅವಿಶ್ವಾಸವಲ್ಲ. ಕರ್ತನಲ್ಲಿ ಸಂತೋಷಪಡಿರಿ ಎಂಬ ಮಾತು ಬೈಬಲಿನಲ್ಲಿ ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರಿಕೆಯದು. ಆದ್ದರಿಂದ ಆ ಪತ್ರಿಕೆಯನ್ನೇ ಮೊದಲಿನಿಂದ ನಿಧಾನವಾಗಿ ಓದಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಅದನ್ನು ಬರೆಯುವಾಗ ಪೌಲನು ಬೇಡಿಗಳಲ್ಲಿದ್ದನು. ತನಗೆ ಬಿಡುಗಡೆಯಾಗುವುದೋ ಮರಣವೋ ಎಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಅದೇ ಫಿಲಿಪ್ಪಿಯಲ್ಲಿ ಹಿಂದೊಮ್ಮೆ ಅವನೂ ಜೊತೆಗಾರ ಸೀಲನೂ ಪೆಟ್ಟು ತಿಂದು, ಕಾಲುಗಳಿಗೆ ಕೋಳ ಹಾಕಿಸಿಕೊಂಡು, ನಡುರಾತ್ರಿಯಲ್ಲಿ ದೇವರನ್ನು ಹಾಡಿ ಸ್ತುತಿಸಿದ ಸಂಗತಿಯನ್ನು ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪ್ರಸಂಗಗಳಲ್ಲಿ ನಾವು ಹೆಚ್ಚಾಗಿ ಕೇಳುವುದು ಈ ಭಾಗವನ್ನೇ.

ನಾವು ಅಷ್ಟಾಗಿ ಕೇಳದ ಭಾಗ ಫಿಲಿಪ್ಪಿಯವರ ಪತ್ರಿಕೆಯ 2ನೆಯ ಅಧ್ಯಾಯದ ಕೊನೆಯಲ್ಲಿದೆ. ಫಿಲಿಪ್ಪಿಯ ಸಭೆಯವರು ಪೌಲನ ಕೊರತೆಗೆಂದು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳುಹಿಸಿದ್ದರು. ಆತನು ಅಲ್ಲಿ ರೋಗಬಿದ್ದು ಸಾಯುವ ಸ್ಥಿತಿಗೆ ಬಂದು, ಅನಂತರ ಚೇತರಿಸಿಕೊಂಡನು. ಅದನ್ನು ತಿಳಿಸುತ್ತಾ ಪೌಲನು, ತನಗೆ ದುಃಖದ ಮೇಲೆ ದುಃಖ ಬಾರದಂತೆ ದೇವರು ಕರುಣಿಸಿದನು ಎಂದು ಬರೆಯುತ್ತಾನೆ. ಗಮನಿಸಿ: ಸಂತೋಷಪಡಿರಿ ಎಂದು ಮತ್ತೆ ಮತ್ತೆ ಹೇಳುವ ಅದೇ ಪತ್ರಿಕೆಯಲ್ಲಿ, ತನಗೆ ಈಗಾಗಲೇ ಒಂದು ದುಃಖವಿದೆ, ಆ ಸ್ನೇಹಿತನು ಸತ್ತಿದ್ದರೆ ಇನ್ನೊಂದು ಸೇರುತ್ತಿತ್ತು ಎಂದು ಅಪೊಸ್ತಲನು ಮುಚ್ಚುಮರೆಯಿಲ್ಲದೆ ಒಪ್ಪುತ್ತಾನೆ. ಹಾಗಿರುವಾಗ ನಿಮ್ಮ ಕಣ್ಣೀರನ್ನು ನಂಬಿಕೆಯ ಕೊರತೆಯೆಂದು ಎಣಿಸುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.

ಇನ್ನೊಂದು ಮಾತು. 4ನೆಯ ಅಧ್ಯಾಯದ 10ನೆಯ ವಚನದಲ್ಲಿ ತಾನು ಬಹಳವಾಗಿ ಸಂತೋಷಪಟ್ಟೆನೆಂದು ಪೌಲನು ಹೇಳುವುದು, ಆ ಸಭೆಯವರಿಗೆ ತನ್ನ ಮೇಲಿನ ಚಿಂತನೆ ಮತ್ತೆ ಚಿಗುರಿತೆಂಬ ಕಾರಣಕ್ಕೆ. ಅವನ ಸಂತೋಷ ಕರ್ತನಲ್ಲಿತ್ತು, ನಿಜ. ಆದರೆ ದೂರದ ದಾರಿ ನಡೆದು ಬಂದ ಒಬ್ಬ ಮನುಷ್ಯನ ಮುಖಾಂತರ ಅದು ಸೆರೆಮನೆಯೊಳಕ್ಕೆ ಬಂತು. ಆದ್ದರಿಂದ "ಸಂತೋಷಪಡಿರಿ" ಎಂದು ನಿಮಗೆ ಹೇಳುವ ಸಭೆಯವರು, ನಿಮ್ಮ ಬಳಿಗೆ ತಾವು ಏನನ್ನು ಹೊತ್ತು ತಂದಿದ್ದೇವೆಂದು ಮೊದಲು ಕೇಳಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ಬಾಳೆಹೊನ್ನೂರಿನಿಂದ

ಮೇಲಿನವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನೂ ಕಾಫಿ ಬೆಳೆಗಾರ. ಆದ್ದರಿಂದ ಬೈಬಲಿನಲ್ಲಿರುವ ಪ್ರವಾದಿ ಹಬಕ್ಕೂಕನ ಪುಸ್ತಕ ನನಗೆ ಹತ್ತಿರ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿಬಳ್ಳಿಯಲ್ಲಿ ಫಲವಿಲ್ಲದಿದ್ದರೂ, ಎಣ್ಣೆಮರ (ಆಲಿವ್) ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿಯೂ ಕೊಟ್ಟಿಗೆಯಲ್ಲಿ ದನವೂ ಇಲ್ಲದೆಹೋದರೂ ತಾನು ಯೆಹೋವನಲ್ಲಿ ಉಲ್ಲಾಸಪಡುವೆನೆಂದು ಪ್ರವಾದಿಯು 3ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಇದು ಒಂದು ರೈತ ಕುಟುಂಬದ ಸಂಪೂರ್ಣ ನಷ್ಟದ ಪಟ್ಟಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷವನ್ನೂ ಕಾಫಿ ಒಣಗಿಸುವ ಕಣದ ಮೇಲೆ ಅಕಾಲ ಮಳೆ ಸುರಿದ ವರ್ಷವನ್ನೂ ಕಂಡವರಿಗೆ ಅದರ ಒಂದೊಂದು ಸಾಲಿನ ತೂಕವೂ ಗೊತ್ತಾಗುತ್ತದೆ.

ಆದರೆ 17ನೆಯ ವಚನದಿಂದ ಓದಲು ಆರಂಭಿಸಿದರೆ ಸಾಲದು. 16ನೆಯ ವಚನದಲ್ಲಿ ಪ್ರವಾದಿಯ ಒಡಲು ತಳಮಳಗೊಂಡಿದೆ, ತುಟಿಗಳು ಅದುರುತ್ತಿವೆ, ನಿಂತಲ್ಲೇ ನಡುಗುತ್ತಿದ್ದಾನೆ. ಪುಸ್ತಕ ಆರಂಭವಾಗುವುದೇ, ನಾನು ಎಷ್ಟು ಕಾಲ ಮೊರೆಯಿಡಬೇಕು, ನೀನು ಕೇಳದೆ ಇರುವೆ ಎಂಬ ದೂರಿನಿಂದ. ಅಂದರೆ ನಡುಕ ನಿಂತ ಮೇಲೆ ಹುಟ್ಟಿದ ಸಂತೋಷ ಅದಲ್ಲ. ನಡುಗುತ್ತಿರುವವನೇ, ದೇವರು ತನ್ನನ್ನು ಕೈಬಿಟ್ಟಿಲ್ಲವೆಂಬ ಒಂದೇ ಆಧಾರದ ಮೇಲೆ, ಆ ಮಾತನ್ನು ಆಡಿದ್ದಾನೆ. ನೀವು ದಿನವೂ ಬೆಳಿಗ್ಗೆ ಎದ್ದು ಪ್ರಾರ್ಥಿಸುತ್ತೇನೆ ಎಂದಿರಲ್ಲ, ನನ್ನ ದೃಷ್ಟಿಯಲ್ಲಿ ಅದೂ ಇಂಥದೇ ಮಾತು.

ಕೊಳೆರೋಗಕ್ಕೆ ಮುಂಗಾರು ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣ ಸಿಂಪಡಿಸಿ, ದಟ್ಟವಾದ ನೆರಳನ್ನು ಸವರಿಸಬೇಕು. ನಿಮ್ಮ ಸಭೆಯ ಯುವಕರು ಒಂದು ದಿನ ಬಂದು ಈ ಕೆಲಸ ಮಾಡಿಕೊಡಬಾರದೇಕೆ? ಅದೂ ಸೇವೆಯೇ.

ಉತ್ತರ: ಹಾಸನದಿಂದ, ಮತ್ತೊಬ್ಬರು

ನಾನು ಕಥೋಲಿಕ ಸಭೆಗೆ ಸೇರಿದವಳು. ಮಣಿಗಳನ್ನು ಎಣಿಸುತ್ತಾ ಮಾಡುವ ನಮ್ಮ ಜಪಸರ ಪ್ರಾರ್ಥನೆಯ ಒಂದು ವಿಷಯವನ್ನು ಹೇಳಬೇಕೆನಿಸಿತು. ಅದರಲ್ಲಿ ಯೇಸುವಿನ ಮತ್ತು ತಾಯಿ ಮರಿಯಳ ಬದುಕಿನ ಘಟನೆಗಳನ್ನು ರಹಸ್ಯಗಳೆಂದು ಕರೆದು ಧ್ಯಾನಿಸುತ್ತೇವೆ. ಸೋಮವಾರ ಮತ್ತು ಶನಿವಾರ ನಾವು ಧ್ಯಾನಿಸುವ ಸಂತೋಷದ ರಹಸ್ಯಗಳು ಐದು. ನಾಲ್ಕನೆಯದರಲ್ಲಿ ಮಗು ಯೇಸುವನ್ನು ದೇವಾಲಯದಲ್ಲಿ ಸಮರ್ಪಿಸುವಾಗಲೇ, ನಿನ್ನ ಪ್ರಾಣವನ್ನು ಅಲಗು ತಿವಿಯುವುದೆಂದು ಸಿಮೆಯೋನನೆಂಬ ಭಕ್ತನು ತಾಯಿಗೆ ಹೇಳುತ್ತಾನೆ. ಐದನೆಯದರಲ್ಲಿ ಮಗನು ಕಾಣೆಯಾಗಿ, ತಂದೆತಾಯಿಗಳು ಕಳವಳದಿಂದ ಹುಡುಕಿ, ಮೂರು ದಿನಗಳ ಮೇಲೆ ಅವನನ್ನು ಕಾಣುತ್ತಾರೆ. ಇವೆರಡನ್ನೂ ಸಭೆಯು ದುಃಖದ ರಹಸ್ಯಗಳಿಗೆ ಸೇರಿಸದೆ ಸಂತೋಷದ ಸಾಲಿನಲ್ಲೇ ಇರಿಸಿದೆ. ತಾಯಿಯ ಕಳವಳವನ್ನು ಅಲ್ಲಿಂದ ಅಳಿಸಿಯೂ ಹಾಕಿಲ್ಲ.

ನಮ್ಮ ಜಿಲ್ಲೆಯ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಹಳೆಯ ದೇವಾಲಯವನ್ನು ಬಹಳ ಜನ ನೋಡಿರುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ದೇವಾಲಯ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುತ್ತದೆ. ನೋಡಲು ಬರುವವರಿಗೆ ಅದು ಸುಂದರ ಚಿತ್ರ. ಅಲ್ಲಿಂದ ಒಕ್ಕಲೆದ್ದು ಹೋದ ಕುಟುಂಬಗಳಿಗೆ ಮಾತ್ರ ಅದು ಕಳೆದುಕೊಂಡ ಊರು. ಬಾಬಿಲೋನಿಗೆ ಸೆರೆಹೋದವರು ಪರದೇಶದಲ್ಲಿ ಕರ್ತನ ಗೀತೆಯನ್ನು ಹೇಗೆ ಹಾಡೋಣ ಎಂದು ಅತ್ತದ್ದು 137ನೆಯ ಕೀರ್ತನೆಯಲ್ಲಿದೆ. ಹಾಡಲಾಗುತ್ತಿಲ್ಲ ಎಂಬ ಮಾತೇ ಅಲ್ಲಿ ಕೀರ್ತನೆಯಾಗಿ, ಆರಾಧನೆಯಲ್ಲಿ ಉಳಿದುಬಂದಿದೆ. ನಿಮಗೂ ಸದ್ಯಕ್ಕೆ ಅಷ್ಟು ಸಾಕು.

ಉತ್ತರ: ಚಿಕ್ಕಮಗಳೂರಿನಿಂದ

ಒಂದೇ ವಿಷಯವನ್ನು ಸೇರಿಸುತ್ತೇನೆ. ನಿದ್ರೆ, ಊಟ ಎರಡೂ ವಾರಗಟ್ಟಲೆ ತಪ್ಪಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ವೈದ್ಯರನ್ನು ಕಾಣಲು ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಸಾಯಬೇಕೆಂದು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಕೊಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಲು ಬಿಟ್ಟನು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿದ್ರೆ ಈಗ ಪರವಾಗಿಲ್ಲ. ದುಃಖದ ಮೇಲೆ ದುಃಖ ಎಂಬ ವಚನವನ್ನು ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಓದಿದ್ದರೂ ಇಂದೇ ಅದು ನನಗೆ ಹೇಳಿದ ಮಾತೆನಿಸಿತು. ಮುಂದಿನ ಮನೆಕೂಟ ನಮ್ಮ ಮನೆಯಲ್ಲೇ ನಡೆಯಬೇಕಿದೆ. ಹಬಕ್ಕೂಕ 3ನೆಯ ಅಧ್ಯಾಯವನ್ನು 16ನೆಯ ವಚನದಿಂದಲೇ ಓದಬೇಕೆಂದು ಸಭಾಪಾಲಕರನ್ನು ಕೇಳಿಕೊಳ್ಳುತ್ತೇನೆ. ಸಿಂಪಡಣೆಯ ಮಾತನ್ನೂ ಅಂದೇ ಎತ್ತುತ್ತೇನೆ.