ಯಾರನ್ನು ಯಾರು ಮನೆಗೆ ಕಳಿಸುತ್ತಾರೆ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಕನ್ನಡ ಉಳಿಯಲೆಂದು ಅವರಿಗೆ ನಮ್ಮ ವಾಹಿನಿಗಳ ರಿಯಾಲಿಟಿ ಶೋಗಳನ್ನು ತೋರಿಸಬಹುದೇ ಎಂಬ ಪ್ರಶ್ನೆಗೆ, ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಈ ಗುಂಪಿನಲ್ಲಿ ಬಂದ ಉತ್ತರಗಳನ್ನೆಲ್ಲ ಓದಿದೆ. ಹೆಚ್ಚಿನವರು ‘ಖಂಡಿತ ತೋರಿಸಿ’ ಇಲ್ಲವೇ ‘ಖಂಡಿತ ಬೇಡ’ ಎಂದಿದ್ದಾರೆ. ಹಾಡಿನ ಸ್ಪರ್ಧೆ, ಅಡುಗೆಯ ಸ್ಪರ್ಧೆ, ಬೀಗ ಹಾಕಿದ ಮನೆಯ ವಾಸ, ದ್ವೀಪದ ವಾಸ, ಕೋಟಿ ರೂಪಾಯಿಯ ಪ್ರಶ್ನೋತ್ತರ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಹೀಗಾಗಿದೆ ಎಂದು ತೋರುತ್ತದೆ. ನನ್ನ ಅನಿಸಿಕೆ ಇಷ್ಟು: ಯಾವ ಕಾರ್ಯಕ್ರಮವಾದರೂ ಸರಿ, ಅದರಲ್ಲಿ ಯಾರನ್ನು ಯಾರು, ಯಾವ ಕಾರಣಕ್ಕೆ ಮನೆಗೆ ಕಳಿಸುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಸ್ಪರ್ಧಿಗಳ ನಡತೆಯೂ ಮಕ್ಕಳ ಕಿವಿಗೆ ಬೀಳುವ ಮಾತಿನ ಬಗೆಯೂ ಬಹುಮಟ್ಟಿಗೆ ಆ ನಿಯಮದಿಂದಲೇ ಹುಟ್ಟುತ್ತವೆ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಾವು ಈ ರಜೆಯನ್ನು ತುಮಕೂರು ಜಿಲ್ಲೆಯ ಮಧುಗಿರಿಯಲ್ಲಿ, ನಮ್ಮ ಅತ್ತೆಯವರ ಮನೆಯಲ್ಲಿ ಕಳೆಯುತ್ತಿದ್ದೇವೆ. ಇಲ್ಲಿ ಬಿಗ್ ಬಾಸ್ ಎಂದರೆ ದೂರದ ಸಂಗತಿಯಲ್ಲ. ಮಂಜು ಪಾವಗಡ 2021ರಲ್ಲಿ ಎಂಟನೇ ಆವೃತ್ತಿಯನ್ನು ಗೆದ್ದದ್ದನ್ನು ಅತ್ತೆಯವರು ಇಂದಿಗೂ ‘ನಮ್ಮ ಪಕ್ಕದ ತಾಲ್ಲೂಕಿನ ಹುಡುಗ ಗೆದ್ದ’ ಎಂದೇ ಹೇಳುತ್ತಾರೆ. ಆ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೂ ಒಂಬತ್ತು ವರ್ಷದ ಮಗನ ಜೊತೆ ಅದನ್ನು ನೋಡುವಾಗ ಅದರ ರಚನೆ ಹೇಗಿದೆ ಎಂದು ವಿವರಿಸಬೇಕಾಗುತ್ತದೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಎಂಬ ಹೆಸರಿನಲ್ಲಿ ಆರಂಭವಾಗಿ, 2013ರಲ್ಲಿ ಸುದೀಪ್ ಅವರ ನಿರೂಪಣೆಯಲ್ಲಿ ಕನ್ನಡಕ್ಕೆ ಬಂದ ಈ ಆಟದಲ್ಲಿ ಮನೆಯೊಳಗಿನವರು ಒಬ್ಬರನ್ನೊಬ್ಬರು ನಾಮಿನೇಟ್ ಮಾಡುತ್ತಾರೆ, ಅಂದರೆ ಹೊರಹೋಗಬೇಕಾದವರೆಂದು ಹೆಸರಿಸುತ್ತಾರೆ, ಹೊರಗಿನ ವೀಕ್ಷಕರು ಮತ ಹಾಕಿ ಉಳಿಸುತ್ತಾರೆ. ಅಮೆರಿಕದಲ್ಲಿ ಎರಡನೇ ಆವೃತ್ತಿಯಿಂದ ಈ ಲೆಕ್ಕವೇ ಬದಲಾಯಿತು. ಅಲ್ಲಿ ಮನೆಯವರೇ ಮತ ಹಾಕಿ ಒಬ್ಬರನ್ನು ಹೊರಗೆ ಕಳಿಸುತ್ತಾರೆ. ಈಗಂತೂ ಹಾಗೆ ಹೊರಬಿದ್ದ ಸ್ಪರ್ಧಿಗಳದೇ ಮಂಡಳಿ ಕೊನೆಗೆ ವಿಜೇತರನ್ನು ಆರಿಸುತ್ತದೆ. ಹೀಗಾಗಿ ಅಲ್ಲಿ ಮೆಲುದನಿಯ ಒಳಒಪ್ಪಂದಗಳಿಗೆ ಬೆಲೆ. ನಮ್ಮಲ್ಲಿ ವೀಕ್ಷಕರ ನೆನಪಿನಲ್ಲಿ ಉಳಿದವರಿಗೆ ಬೆಲೆ, ಮತ್ತು ನೆನಪಿನಲ್ಲಿ ಉಳಿಯಲು ಏರುದನಿಯ ಜಗಳ ಸುಲಭದ ದಾರಿ. ಇಷ್ಟನ್ನು ಹೇಳಿದ ಮೇಲೆ ಮಗನೇ ‘ಹಾಗಾದರೆ ಇವರಿಗೆ ನಿಜವಾಗಿಯೂ ಸಿಟ್ಟು ಬಂದಿದೆಯಾ?’ ಎಂದು ಕೇಳಿದ. ಆ ಪ್ರಶ್ನೆ ಕೇಳಬಲ್ಲ ವಯಸ್ಸಿಗೆ ಮೊದಲು ಈ ಕಾರ್ಯಕ್ರಮ ಮಕ್ಕಳಿಗೆ ಬೇಡವೆಂಬುದು ನನ್ನ ನಿಲುವು.

ಸಂಕಲನದ ವಿಷಯವನ್ನೂ ಅವನೇ ಕಂಡುಕೊಂಡ. ಸ್ಪರ್ಧಿಯೊಬ್ಬರು ಜಗಳವಾಡುತ್ತಿರುವಾಗ ನಡುವೆ ತೋರಿಸಿದ ಮತ್ತೊಬ್ಬರ ಮುಖದ ಹಿಂದೆ ಬೆಳಕು ಬೇರೆಯಾಗಿತ್ತು, ಮೈಮೇಲಿನ ಅಂಗಿಯೂ ಬೇರೆಯಾಗಿತ್ತು. ಬೇರೆ ಹೊತ್ತಿನ ಮುಖವನ್ನು ಈ ಹೊತ್ತಿನ ಮಾತಿಗೆ ಅಂಟಿಸಿದ್ದಾರೆ ಎಂದು ಒಮ್ಮೆ ತಿಳಿದ ಮೇಲೆ, ಇಂಥ ಜಾಗಗಳನ್ನು ಹುಡುಕುವುದೇ ಅಜ್ಜಿಗೂ ಮೊಮ್ಮಗನಿಗೂ ಒಂದು ಆಟವಾಗಿದೆ.

ಕನ್ನಡ ಕಲಿಯುವುದೇ ಮುಖ್ಯವಾದರೆ ಹಾಡಿನ ಕಾರ್ಯಕ್ರಮಗಳನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅಲ್ಲಿ ಕಳಿಸುವವರು ತೀರ್ಪುಗಾರರು, ಮತ್ತು ಅವರು ಕಾರಣ ಹೇಳಬೇಕಾಗುತ್ತದೆ. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಉಚ್ಚಾರಣೆಯನ್ನು ತಿದ್ದುತ್ತಿದ್ದ ರೀತಿ ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹಾಡಿದವರ ಮನಸ್ಸು ನೋಯದಂತೆ ತಪ್ಪನ್ನು ತೋರಿಸುವ ಕನ್ನಡ ಹೇಗಿರುತ್ತದೆ ಎಂಬುದನ್ನು ಪರದೇಶದಲ್ಲಿ ಬೆಳೆಯುವ ಮಕ್ಕಳು ಇನ್ನೆಲ್ಲಿ ಕೇಳಬೇಕು? ನಮ್ಮ ಮಗಳು ಈಗ ಯಾರೇ ಹಾಡಿದರೂ ‘ಶ್ರುತಿ ಬಿಟ್ಟಿತು’ ಎನ್ನುತ್ತಾಳೆ. ಬಹಳ ಸಲ ಅವಳ ಮಾತು ಸರಿಯಾಗಿಯೇ ಇರುತ್ತದೆ.

‘ಕನ್ನಡದ ಕೋಟ್ಯಧಿಪತಿ’ಯಂಥವು ಇನ್ನೊಂದು ಬಗೆ. 1998ರ ಬ್ರಿಟಿಷ್ ಕಾರ್ಯಕ್ರಮವೊಂದರ ಮಾದರಿಯಲ್ಲಿ 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರು ಕನ್ನಡದಲ್ಲಿ ನಡೆಸಿಕೊಟ್ಟ ಈ ಆಟದಲ್ಲಿ ಹಾಟ್ ಸೀಟಿನಲ್ಲಿ ಕುಳಿತವರನ್ನು ಇನ್ನೊಬ್ಬ ಸ್ಪರ್ಧಿ ಹೊರಗೆ ಹಾಕುವುದಿಲ್ಲ. ತಿಳಿವಳಿಕೆ ಮುಗಿದಾಗ ಅವರೇ ನಿಲ್ಲಿಸಿ ಹಣದೊಂದಿಗೆ ಹೋಗಬಹುದು. ಮನೆಯವರೆಲ್ಲ ಒಟ್ಟಿಗೆ ಕೂತು ಉತ್ತರ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬ್ರಿಟನ್ನಿನ ‘ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್’ ಎಂಬ ಬೇಕಿಂಗ್ ಸ್ಪರ್ಧೆಯಲ್ಲಿ ವಾರಕ್ಕೊಬ್ಬರು ಹೊರಬೀಳುವುದೇನೋ ಉಂಟು, ಆದರೆ ಗೆದ್ದವರಿಗೆ ಸಿಗುವುದು ಕೇಕ್ ಇಡುವ ಒಂದು ಗಾಜಿನ ತಟ್ಟೆ ಮತ್ತು ಹೂಗುಚ್ಛ. ಅಲ್ಲಿ ಎದುರಾಳಿಯ ಕೇಕ್ ಜಾರುವಾಗ ಓಡಿಬಂದು ಹಿಡಿಯುವವರಿದ್ದಾರೆ.

ನನಗೆ ನಿಜವಾಗಿ ಕಳವಳವಿರುವುದು ಪೇಟೆಯವರನ್ನು ಹಳ್ಳಿಗೆ, ಹಳ್ಳಿಯವರನ್ನು ಪೇಟೆಗೆ ಕಳಿಸಿ ಅವರು ತಡವರಿಸುವುದನ್ನು ತೋರಿಸುವ ಕಾರ್ಯಕ್ರಮಗಳ ಬಗ್ಗೆ. ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’, ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ನೋಡಿ ನಾವು ನಕ್ಕಿದ್ದೇವೆ. ಆದರೆ ಊರಿಗೆ ಬಂದಿಳಿದ ನಮ್ಮ ಮಕ್ಕಳು ನಿಂತಿರುವುದು ಸರಿಯಾಗಿ ಆ ಸ್ಪರ್ಧಿಗಳ ಜಾಗದಲ್ಲಿಯೇ. ಮೊದಲ ದಿನ ಮಗಳು ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಸಿಕೊಂಡಾಗ ಅತ್ತೆಯವರು ನಗದೆ, ಸಣ್ಣ ತುತ್ತು ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ನುಂಗಿ ತೋರಿಸಿದರು. ಇನ್ನೊಬ್ಬರಿಗೆ ಗೊತ್ತಿಲ್ಲದ್ದನ್ನು ತಮಾಷೆಯಾಗಿಸುವ ಕಾರ್ಯಕ್ರಮವನ್ನು ಅದೇ ಸಂಜೆ ಅವಳಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ. ಸಂಸಾರದ ಜಗಳಗಳನ್ನು ಕ್ಯಾಮೆರಾ ಮುಂದೆ ಪಂಚಾಯಿತಿ ಮಾಡುವ ಕಾರ್ಯಕ್ರಮಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅವು ಮಕ್ಕಳಿಗಲ್ಲ.

ಮಗಳನ್ನು ಮಕ್ಕಳ ಕಾರ್ಯಕ್ರಮದ ಆಡಿಷನ್‌ಗೆ ಕಳಿಸಬೇಕೆಂದು ಬರೆದ ತಾಯಿಗೆ ಪ್ರತ್ಯೇಕವಾಗಿ ಒಂದು ಮಾತು. ಭಾರತದಲ್ಲಿ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ, 14 ವರ್ಷದೊಳಗಿನ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು, ಸತತವಾಗಿ 27 ದಿನ ಮೀರಬಾರದು, ಗಳಿಕೆಯ ಕನಿಷ್ಠ 20 ಪ್ರತಿಶತವನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು, ಮತ್ತು ಮಗುವಿನ ಇಚ್ಛೆಗೆ ವಿರುದ್ಧವಾಗಿ ಅದನ್ನು ವೇದಿಕೆಗೆ ತರುವಂತಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಅನುಮತಿ, ವೇಳೆ, ಠೇವಣಿ ಮೂರರ ವಿವರವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮಗಳು ನಡುವೆ ಬೇಡವೆಂದರೆ ಹೊರಬರಲು ಒಪ್ಪಂದದಲ್ಲಿ ದಾರಿಯಿದೆಯೇ ಎಂಬುದನ್ನೂ ತಪ್ಪದೆ ನೋಡಿ.